ಬುಕ್‌ಶೆಲ್ಫ್ ಸ್ಪೀಕರ್ ಮತ್ತು ಸೆಂಟರ್ ಸ್ಪೀಕರ್: ತಯಾರಕರೂ ವರ್ತಕರೂ ಅರಿತಿರಬೇಕಾದ ವ್ಯತ್ಯಾಸ

ಹೋಂ ಥಿಯೇಟರ್ ಮಾರಾಟ ಮಾಡುವ ವರ್ತಕರಿಗೆ ಚಿರಪರಿಚಿತವಾದ ದೂರೊಂದಿದೆ. ಹಾಡು ಇಂಪಾಗಿ ಕೇಳುತ್ತದೆ, ಹೊಡೆದಾಟದ ದೃಶ್ಯ ಬಂದರೆ ಕಿಟಕಿಯ ಗಾಜು ಅದುರುತ್ತದೆ, ಆದರೆ ಪಾತ್ರಗಳ ಮಾತು ಮಾತ್ರ ಸ್ಪಷ್ಟವಾಗಿ ತಿಳಿಯುವುದಿಲ್ಲ ಎಂಬುದೇ ಆ ದೂರು. ಮಾತು ಸ್ಪಷ್ಟವಾಗಿ ಕೇಳಲೆಂದೇ ಗ್ರಾಹಕನು ಪ್ರತ್ಯೇಕವಾಗಿ ಹಣ ತೆತ್ತು ಸೆಂಟರ್ ಸ್ಪೀಕರ್ ಕೊಂಡಿರುತ್ತಾನೆ. ಅದು ಇದ್ದೂ ಮಾತು ಕೇಳಿಸದಿದ್ದಾಗ ಆತನ ಅಸಮಾಧಾನವು ಆ ಒಂದು ಪೆಟ್ಟಿಗೆಗೆ ಸೀಮಿತವಾಗದೆ, ಇಡೀ ಸೆಟ್ಟಿನ ಮೇಲೂ ಅದನ್ನು ಮಾರಿದ ಅಂಗಡಿಯ ಮೇಲೂ ತಿರುಗುತ್ತದೆ.

ಇಂತಹ ಸಂದರ್ಭಗಳಲ್ಲಿ ಆಂಪ್ಲಿಫೈಯರ್ ದುರ್ಬಲವೆಂದೋ ಚಿತ್ರದ ಧ್ವನಿಮುದ್ರಣವೇ ಸರಿಯಿಲ್ಲವೆಂದೋ ಸಮಾಧಾನ ಹೇಳುವುದು ವಾಡಿಕೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಅನೇಕ ವೇಳೆ ಕಾರಣವು ಸೆಂಟರ್ ಸ್ಪೀಕರಿನ ರಚನೆಯಲ್ಲೇ, ಅಂದರೆ ಆ ಪೆಟ್ಟಿಗೆಯನ್ನು ಅಡ್ಡಲಾಗಿ ಮಲಗಿಸುವ ಕ್ರಮದಲ್ಲೇ ಅಡಗಿರುತ್ತದೆ. ಬುಕ್‌ಶೆಲ್ಫ್ ಸ್ಪೀಕರಿಗೂ ಸೆಂಟರ್ ಸ್ಪೀಕರಿಗೂ ಇರುವ ನಿಜವಾದ ವ್ಯತ್ಯಾಸವನ್ನು ಅರಿತರೆ ಯಾವ ಮನೆಗೆ ಯಾವುದನ್ನು ಮಾರಬೇಕೆಂದು ವರ್ತಕರಿಗೂ, ಯಾವುದನ್ನು ತಯಾರಿಸಿದರೆ ಬಂಡವಾಳ ಸಿಲುಕಿಕೊಳ್ಳುವುದಿಲ್ಲವೆಂದು ಸಣ್ಣ ತಯಾರಕರಿಗೂ ಸ್ಪಷ್ಟವಾಗುತ್ತದೆ.

ಎರಡು ಪೆಟ್ಟಿಗೆಗಳ ಹಿನ್ನೆಲೆ

ಬುಕ್‌ಶೆಲ್ಫ್ ಸ್ಪೀಕರ್ ಎಂಬ ವರ್ಗವು ಪ್ರಚಾರಕ್ಕೆ ಬಂದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಉತ್ತಮ ತಗ್ಗಿನ ಧ್ವನಿ ಬೇಕೆಂದರೆ ಬೀರುವಿನಂತಹ ದೊಡ್ಡ ಪೆಟ್ಟಿಗೆಯೇ ಬೇಕಾಗಿತ್ತು. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅವರು 1954ರಲ್ಲಿ ಹೊರತಂದ ಎ.ಆರ್.-1 ಸ್ಪೀಕರಿನಲ್ಲಿ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯ ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಳ್ಳಲಾಯಿತು. ಪುಸ್ತಕದ ಕಪಾಟಿನಲ್ಲಿ ಕೂರುವ ಗಾತ್ರದಿಂದಲೂ ಒಳ್ಳೆಯ ತಗ್ಗಿನ ಧ್ವನಿ ಬರಬಲ್ಲದೆಂದು ಅದು ತೋರಿಸಿಕೊಟ್ಟಿತು. ಅನಂತರ 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅವರು ಪೆಟ್ಟಿಗೆಯ ಗಾತ್ರವನ್ನು ಲೆಕ್ಕ ಹಾಕುವ ಸೂತ್ರಗಳನ್ನು ಪ್ರಕಟಿಸಿದರು. ಇಂದು ಸಣ್ಣ ತಯಾರಕನೂ ವೂಫರಿನ ಜೊತೆ ಬರುವ ವಿವರಪತ್ರವನ್ನು ಮುಂದಿಟ್ಟುಕೊಂಡು ಪೆಟ್ಟಿಗೆ ರೂಪಿಸಬಲ್ಲನೆಂದರೆ ಅದಕ್ಕೆ ಈ ಸೂತ್ರಗಳೇ ಆಧಾರ.

ನಡುವೆ ಒಂದು ಸ್ಪೀಕರ್ ಇರಬೇಕೆಂಬ ವಿಚಾರ ಇದಕ್ಕಿಂತಲೂ ಹಳೆಯದು. 1933ರ ಏಪ್ರಿಲ್ 27ರಂದು ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾ ನಗರದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ದೂರವಾಣಿ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗ ಬಳಸಿದ್ದು ಎಡ, ನಡು, ಬಲ ಎಂಬ ಮೂರು ವಾಹಿನಿಗಳನ್ನು. 1958ರಲ್ಲಿ ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದಾಗ ತಟ್ಟೆಯ ಒಂದು ಗೆರೆಗೆ ಇದ್ದದ್ದು ಎರಡೇ ಗೋಡೆ. ಹೀಗಾಗಿ ವಾಹಿನಿಗಳೂ ಎರಡಾದವು, ಮನೆಗಳಲ್ಲಿ ನಡುವಿನ ಸ್ಪೀಕರ್ ಉಳಿಯಲಿಲ್ಲ.

ಅದು ಮತ್ತೆ ಮನೆಗೆ ಬಂದದ್ದು ಚಲನಚಿತ್ರದ ದಾರಿಯಿಂದ. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ ವ್ಯವಸ್ಥೆಯು ಮನೆಯ ಉಪಕರಣದಲ್ಲಿ ನಡುವಾಹಿನಿಯನ್ನು ಬೇರ್ಪಡಿಸಿ ಕೊಟ್ಟಿತು. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿ.ವಿ.ಡಿ.ಯೊಂದಿಗೆ 5.1 ಪದ್ಧತಿ ಜನಪ್ರಿಯವಾಯಿತು. ಚಿತ್ರದ ಸಂಭಾಷಣೆಯ ಬಹುಪಾಲನ್ನು ನಡುವಾಹಿನಿಯಲ್ಲೇ ಇರಿಸುವುದು ಈ ಪದ್ಧತಿಯ ರೂಢಿ. ಆ ಕಾಲದ ಟಿ.ವಿ.ಗಳು ಪಿಕ್ಚರ್ ಟ್ಯೂಬ್ ಉಳ್ಳವು. ಅವುಗಳ ಅಗಲವಾದ ನೆತ್ತಿಯ ಮೇಲೆ ಕೂರುವಂತೆ ಉದ್ದನೆಯ, ಕುಳ್ಳನೆಯ ಪೆಟ್ಟಿಗೆಯೊಂದು ಬೇಕಾಯಿತು. ಸೆಂಟರ್ ಸ್ಪೀಕರಿಗೆ ಇಂದಿರುವ ಆಕಾರವು ಬಂದದ್ದು ಪೀಠೋಪಕರಣದ ಅನುಕೂಲಕ್ಕಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಒಳಗಿನ ರಚನೆ

ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ ತಗ್ಗಿನ ಮತ್ತು ಮಧ್ಯಮ ಧ್ವನಿಗೆ ಒಂದು ವೂಫರ್, ಏರುಧ್ವನಿಗೆ ಒಂದು ಟ್ವೀಟರ್ ಇರುತ್ತದೆ. ಬರುವ ಸಂಕೇತವನ್ನು ಇವೆರಡಕ್ಕೂ ಹಂಚುವ ಮಂಡಲವೇ ಕ್ರಾಸ್‌ಓವರ್. ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸ್ ನಡುವೆ ಒಂದೆಡೆ ಈ ಹಂಚಿಕೆ ನಡೆಯುತ್ತದೆ. ಟ್ವೀಟರ್ ಮೇಲೆ, ವೂಫರ್ ಕೆಳಗೆ, ಪೆಟ್ಟಿಗೆ ನೆಟ್ಟಗೆ ನಿಂತಿರುತ್ತದೆ.

ಸಾಮಾನ್ಯ ಸೆಂಟರ್ ಸ್ಪೀಕರಿನಲ್ಲಿ ಅದೇ ಟ್ವೀಟರ್ ನಡುವೆ ಇದ್ದು ಅದರ ಎಡಬಲಗಳಲ್ಲಿ ಒಂದೊಂದು ವೂಫರ್ ಇರುತ್ತದೆ. ಎರಡು ವೂಫರುಗಳ ನಡುವೆ ಟ್ವೀಟರ್ ಇರಿಸುವ ಈ ಜೋಡಣೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದವರು ಜೋಸೆಫ್ ಡಿ'ಅಪ್ಪೊಲಿಟೊ. 1983ರಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿ ಈ ಮೂರು ಘಟಕಗಳು ನಿಂತಿದ್ದದ್ದು ಮೇಲಿನಿಂದ ಕೆಳಕ್ಕೆ, ಲಂಬಸಾಲಿನಲ್ಲಿ. ಹಾಗೆ ನಿಲ್ಲಿಸಿದಾಗ ಧ್ವನಿಯು ನೆಲ ಮತ್ತು ಸೂರಿನ ಕಡೆಗೆ ಕಡಿಮೆಯಾಗಿ, ಎಡಬಲಗಳಿಗೆ ಸಮವಾಗಿ ಹರಡುತ್ತದೆ. ಜನರು ಕುಳಿತಿರುವುದು ಎಡಬಲಗಳಲ್ಲೇ ಆದ್ದರಿಂದ ಅದು ಅನುಕೂಲವೇ. ಅದೇ ಜೋಡಣೆಯನ್ನು ಟಿ.ವಿ.ಯ ಕೆಳಗೆ ಅಡ್ಡಲಾಗಿ ಮಲಗಿಸಿದರೆ ಗುಣ ತಿರುಗಿ ದೋಷವಾಗುತ್ತದೆ: ನೆಲಕ್ಕೂ ಸೂರಿಗೂ ಧ್ವನಿ ಸಮವಾಗಿ ಹೋಗಿ, ಜನರು ಕುಳಿತಿರುವ ಎಡಬಲಗಳಲ್ಲಿ ಏರುಪೇರಾಗುತ್ತದೆ.

ಮಲಗಿಸಿದಾಗ ಆಗುವುದೇನು?

ಎರಡು ವೂಫರುಗಳೂ ಒಂದೇ ಧ್ವನಿಯನ್ನು ಹೊರಡಿಸುತ್ತವೆ. ಸರಿಯಾಗಿ ನಡುವೆ ಕುಳಿತವರಿಗೆ ಎರಡೂ ಸಮದೂರದಲ್ಲಿರುವುದರಿಂದ ಧ್ವನಿಗಳು ಕೂಡಿಕೊಳ್ಳುತ್ತವೆ. ಒಂದು ಪಕ್ಕಕ್ಕೆ ಸರಿದು ಕುಳಿತವರಿಗೆ ಆ ಪಕ್ಕದ ವೂಫರ್ ಹತ್ತಿರವಾಗಿ, ಇನ್ನೊಂದು ದೂರವಾಗುತ್ತದೆ. ಈ ದೂರಗಳ ವ್ಯತ್ಯಾಸವು ಯಾವ ಕಂಪನಾಂಕದ ಅರ್ಧ ತರಂಗಾಂತರಕ್ಕೆ ಸಮನಾಗುತ್ತದೆಯೋ, ಆ ಕಂಪನಾಂಕದಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಧ್ವನಿಯು ಕುಗ್ಗಿಹೋಗುತ್ತದೆ.

ಲೆಕ್ಕ ಸುಲಭ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಆದ್ದರಿಂದ 17,200 ಎಂಬ ಸಂಖ್ಯೆಯನ್ನು ದೂರಗಳ ವ್ಯತ್ಯಾಸದಿಂದ (ಸೆಂ.ಮೀ.ಗಳಲ್ಲಿ) ಭಾಗಿಸಿದರೆ ಧ್ವನಿ ಕುಗ್ಗುವ ಕಂಪನಾಂಕವು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. ಕೇಳುವವರ ಆಸನದಿಂದ ಎರಡೂ ವೂಫರುಗಳ ನಡುಬಿಂದುವಿಗೆ ದಾರ ಹಿಡಿದು ಅಳೆದರೆ ಸಾಕು, ಬೇರಾವ ಉಪಕರಣವೂ ಬೇಡ.

5 ಇಂಚಿನ ಎರಡು ವೂಫರುಗಳಿರುವ ಸೆಂಟರ್ ಸ್ಪೀಕರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವೂಫರುಗಳ ನಡುಬಿಂದುಗಳ ಅಂತರ 30 ಸೆಂ.ಮೀ., ಕ್ರಾಸ್‌ಓವರ್ 2,500 ಹರ್ಟ್ಸ್, ಸೋಫಾ 3 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ.

ಮೂರು ಜನರ ಸೋಫಾದಲ್ಲಿ ಅಂಚಿನಲ್ಲಿ ಕುಳಿತವರು ನಡುಗೆರೆಯಿಂದ ಸುಮಾರು 12 ಡಿಗ್ರಿ ಪಕ್ಕಕ್ಕಿರುತ್ತಾರೆ. ದೂರಗಳ ವ್ಯತ್ಯಾಸ 6 ಸೆಂ.ಮೀ.ಗೆ ಸ್ವಲ್ಪ ಮೇಲೆ. ಧ್ವನಿ ಕುಗ್ಗುವುದು ಸುಮಾರು 2,750 ಹರ್ಟ್ಸ್‌ನಲ್ಲಿ. ಅಷ್ಟರಲ್ಲಿ ಟ್ವೀಟರ್ ಕೆಲಸ ವಹಿಸಿಕೊಂಡಿರುವುದರಿಂದ ಕೊರತೆ ಅಷ್ಟಾಗಿ ತಿಳಿಯದು.

ಪಕ್ಕದ ಒಂಟಿ ಕುರ್ಚಿಯಲ್ಲಿ, ನಡುಗೆರೆಯಿಂದ 90 ಸೆಂ.ಮೀ. ಸರಿದು ಕುಳಿತವರು ಸುಮಾರು 17 ಡಿಗ್ರಿಯಲ್ಲಿರುತ್ತಾರೆ. ವ್ಯತ್ಯಾಸ ಸುಮಾರು 8.6 ಸೆಂ.ಮೀ., ಧ್ವನಿ ಕುಗ್ಗುವುದು 2,000 ಹರ್ಟ್ಸ್ ಆಸುಪಾಸಿನಲ್ಲಿ. ಇಲ್ಲಿ ಕೊರತೆ ಕಿವಿಗೆ ತಿಳಿಯತೊಡಗುತ್ತದೆ.

ಗೋಡೆಯ ಪಕ್ಕದ ದಿವಾನದ ಮೇಲೆ ಕುಳಿತವರು 35 ಡಿಗ್ರಿಯಷ್ಟು ಪಕ್ಕಕ್ಕಿದ್ದರೆ ವ್ಯತ್ಯಾಸ ಸುಮಾರು 17 ಸೆಂ.ಮೀ. ಆಗುತ್ತದೆ. ಧ್ವನಿ ಕುಗ್ಗುವುದು 1,000 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಟ್ವೀಟರಿನ ನೆರವೂ ಇಲ್ಲ.

ದೂರವಾಣಿಯು ಬಹುಕಾಲ 300ರಿಂದ 3,400 ಹರ್ಟ್ಸ್ ವ್ಯಾಪ್ತಿಯಲ್ಲೇ ಮಾತನ್ನು ಸಾಗಿಸಿತೆಂಬುದನ್ನು ನೆನೆದರೆ, ಈ ನಷ್ಟ ಎಲ್ಲಿ ಬೀಳುತ್ತದೆಂಬುದು ಸ್ಪಷ್ಟವಾಗುತ್ತದೆ. ಸ್ವರಗಳ ಬಲ ತಗ್ಗಿನ ಭಾಗದಲ್ಲಿದ್ದರೆ, ವ್ಯಂಜನಗಳ ಗುರುತು ಹೆಚ್ಚಾಗಿ 1,000 ಹರ್ಟ್ಸ್‌ಗಿಂತ ಮೇಲಿನ ಭಾಗದಲ್ಲಿರುತ್ತದೆ. ಕಾಲು, ಹಾಲು, ಸಾಲು, ಪಾಲು ಎಂಬ ಮಾತುಗಳನ್ನು ಒಂದರಿಂದೊಂದು ಬೇರೆ ಮಾಡುವುದು ಮೊದಲ ವ್ಯಂಜನ ಮಾತ್ರ. ಅದು ಮಸುಕಾದರೆ ಮಾತು ಜೋರಾಗಿ ಕೇಳಿಸಿದರೂ ಅರ್ಥವಾಗುವುದಿಲ್ಲ. ಗ್ರಾಹಕನು ಧ್ವನಿಯನ್ನು ಎಷ್ಟು ಏರಿಸಿದರೂ ದೂರು ಉಳಿಯುವುದಕ್ಕೆ ಇದೇ ಕಾರಣ. ಗೋಡೆಗಳಿಂದ ಮರಳುವ ಧ್ವನಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ, ಪೂರ್ತಿಯಾಗಿ ಅಲ್ಲ.

ಸೆಂಟರ್ ಇಲ್ಲವೆಂದು ಬುಕ್‌ಶೆಲ್ಫ್ ಸ್ಪೀಕರನ್ನೇ ಅಡ್ಡ ಮಲಗಿಸಿ ಇಡುವವರೂ ಉಂಟು. ಅದರಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ವೂಫರ್ ಮತ್ತು ಟ್ವೀಟರುಗಳ ನಡುವೆ 14 ಸೆಂ.ಮೀ. ಅಂತರವಿದ್ದು 2,500 ಹರ್ಟ್ಸ್‌ನಲ್ಲಿ ಹಂಚಿಕೆ ಇದ್ದರೆ, ಸುಮಾರು 29 ಡಿಗ್ರಿ ಪಕ್ಕದಲ್ಲಿ ಅವೆರಡರ ಧ್ವನಿಗಳು ಒಂದನ್ನೊಂದು ಕುಗ್ಗಿಸುತ್ತವೆ. ಆದುದರಿಂದ ಬುಕ್‌ಶೆಲ್ಫ್ ಸ್ಪೀಕರನ್ನು ನಡುವೆ ಇಡುವುದಾದರೆ ನೆಟ್ಟಗೆ ನಿಲ್ಲಿಸಿಯೇ ಇಡಬೇಕು.

ಹಾಗಾದರೆ ಸೆಂಟರ್ ಬೇಡವೇ?

ಎಡಬಲಗಳ ಎರಡೇ ಬುಕ್‌ಶೆಲ್ಫ್ ಸ್ಪೀಕರುಗಳಿದ್ದು, ರಿಸೀವರಿನಲ್ಲಿ ಸೆಂಟರ್ ಇಲ್ಲವೆಂದು ಸೂಚಿಸಿದರೆ, ನಡುವಾಹಿನಿಯ ಮಾತು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ನಡುವೆ ಕುಳಿತವರಿಗೆ ಮಾತು ಪರದೆಯಿಂದಲೇ ಬಂದಂತೆ ಭಾಸವಾಗುತ್ತದೆ. ಒಬ್ಬರೋ ಇಬ್ಬರೋ ನಡುವೆ ಕುಳಿತು ನೋಡುವ ಮನೆಯಲ್ಲಿ ಇದಿಷ್ಟೇ ಸಾಕಾಗಬಹುದು.

ಇದಕ್ಕೆ ಎರಡು ಮಿತಿಗಳಿವೆ. ಕೇಳುವವರು ಪಕ್ಕಕ್ಕೆ ಸರಿದೊಡನೆ ಹತ್ತಿರದ ಸ್ಪೀಕರಿನ ಧ್ವನಿ ಮೊದಲು ತಲುಪಿ, ಮಾತೆಲ್ಲ ಆ ಮೂಲೆಯಿಂದಲೇ ಬಂದಂತಾಗುತ್ತದೆ. ನಾಯಕನು ಪರದೆಯ ನಡುವಿದ್ದು ಅವನ ಮಾತು ಕಿಟಕಿಯ ಕಡೆಯಿಂದ ಬರುವ ಅನುಭವ ಇದರಿಂದಲೇ. ಎರಡನೆಯದಾಗಿ, ಸರಿಯಾಗಿ ನಡುವೆ ಕುಳಿತವರಿಗೂ ಪ್ರತಿ ಕಿವಿಗೆ ಎರಡೂ ಸ್ಪೀಕರುಗಳ ಧ್ವನಿ ಸ್ವಲ್ಪ ಹಿಂದುಮುಂದಾಗಿ ತಲುಪುವುದರಿಂದ 2,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಉಂಟಾಗುತ್ತದೆ. ನಿಜವಾದ ನಡುಸ್ಪೀಕರ್ ಇದ್ದರೆ ಇವೆರಡೂ ಇರುವುದಿಲ್ಲ.

ಹೀಗಾಗಿ ಮೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ನೋಡುವ ಮನೆಗೆ ನಡುವೆ ಒಂದು ಸ್ಪೀಕರ್ ಬೇಕೆನ್ನುವುದು ಸರಿಯಾದ ಸಲಹೆಯೇ. ಆ ಸ್ಪೀಕರ್ ಮಲಗಿದ ಪೆಟ್ಟಿಗೆಯೇ ಆಗಿರಬೇಕೆಂಬ ನಿಯಮ ಮಾತ್ರ ಇಲ್ಲ. ಅಮೆರಿಕದ ಕ್ಲಿಪ್ಶ್ ಸಂಸ್ಥೆಯ ಹೆರೆಸಿ ಎಂಬ ಸ್ಪೀಕರ್ 1957ರಲ್ಲಿ ಬಂದದ್ದು ಮೂಲೆಗಳ ಎರಡು ದೊಡ್ಡ ಸ್ಪೀಕರುಗಳ ನಡುವೆ ಇಡುವ ಸೆಂಟರ್ ಸ್ಪೀಕರಾಗಿ. ಅದು ನೆಟ್ಟಗಿನ ಪೆಟ್ಟಿಗೆ. ಮುಂದೆ ಅದನ್ನು ಜೋಡಿಯಾಗಿ ಎಡಬಲಗಳಿಗೂ ಜನ ಕೊಂಡರು. ಎಡ, ನಡು, ಬಲ ಮೂರೂ ಒಂದೇ ಬಗೆಯ ಸ್ಪೀಕರ್ ಆಗಿದ್ದರೆ ಧ್ವನಿಯ ಬಣ್ಣವೂ ಒಂದೇ ಆಗಿರುತ್ತದೆ. ಕಾರೊಂದು ಪರದೆಯ ಎಡದಿಂದ ಬಲಕ್ಕೆ ಹಾದುಹೋಗುವಾಗ ನಡುವೆ ಅದರ ಸದ್ದು ಬದಲಾಗುವುದಿಲ್ಲ.

ತಯಾರಕರಿಗೆ ಇರುವ ದಾರಿಗಳು

ಮಲಗಿದ ಪೆಟ್ಟಿಗೆಯೇ ಬೇಕೆಂಬ ಬೇಡಿಕೆ ಮಾರುಕಟ್ಟೆಯಲ್ಲಿ ಇರುವುದಂತೂ ನಿಜ. ಅದನ್ನು ಪೂರೈಸುವಾಗ ಮೇಲೆ ಹೇಳಿದ ದೋಷವನ್ನು ತಗ್ಗಿಸುವ ನಾಲ್ಕು ವಿಧಾನಗಳಿವೆ.

1. ಎರಡು ವೂಫರುಗಳಲ್ಲಿ ಒಂದನ್ನು ಮಾತ್ರ ಟ್ವೀಟರಿನವರೆಗೆ ಕೆಲಸ ಮಾಡಿಸಿ, ಇನ್ನೊಂದನ್ನು ಸುಮಾರು 500 ಹರ್ಟ್ಸ್‌ನಲ್ಲೇ ತಡೆಯುವುದು. ಇದಕ್ಕೆ ಮುಖ್ಯವಾಗಿ ಬೇಕಾಗುವುದು ಹೆಚ್ಚುವರಿಯಾಗಿ ಒಂದು ದೊಡ್ಡ ಕಾಯಿಲ್. ಇದೇ ಎರಡೂವರೆ ವೇ ಎಂದು ಕರೆಯಲ್ಪಡುವ ಕ್ರಮ. ಇದರಲ್ಲಿ ಮಧ್ಯಮ ಧ್ವನಿಯ ಬಲ ಸ್ವಲ್ಪ ಕಡಿಮೆಯಾಗುವುದರಿಂದ ಟ್ವೀಟರಿನ ಮಟ್ಟವನ್ನೂ ಅದಕ್ಕೆ ಹೊಂದಿಸಬೇಕು. ಕಡಿಮೆ ಖರ್ಚಿನ ಪರಿಹಾರ ಇದೇ.

2. ನಡುವೆ ಟ್ವೀಟರಿನ ಕೆಳಗೆ ಸಣ್ಣ ಮಿಡ್‌ರೇಂಜ್ ಘಟಕವೊಂದನ್ನು ಸೇರಿಸಿ, ಎಡಬಲದ ವೂಫರುಗಳನ್ನು 400ರಿಂದ 500 ಹರ್ಟ್ಸ್‌ಗೆ ಸೀಮಿತಗೊಳಿಸುವುದು. 500 ಹರ್ಟ್ಸ್‌ನ ಅರ್ಧ ತರಂಗಾಂತರ 34 ಸೆಂ.ಮೀ.ಗೂ ಸ್ವಲ್ಪ ಹೆಚ್ಚು. ವೂಫರುಗಳ ಅಂತರ 32 ಸೆಂ.ಮೀ. ಇದ್ದರೆ ಯಾವ ಕೋನದಿಂದ ಕೇಳಿದರೂ ದೂರಗಳ ವ್ಯತ್ಯಾಸ ಅಷ್ಟಕ್ಕೆ ಮುಟ್ಟುವುದೇ ಇಲ್ಲ. ಮಾತಿನ ಭಾಗವೆಲ್ಲ ನಡುವಿನ ಲಂಬಸಾಲಿನಿಂದಲೇ ಬರುತ್ತದೆ. ಇದು ಉತ್ತಮ ಕ್ರಮವಾದರೂ ಘಟಕಗಳೂ ಕ್ರಾಸ್‌ಓವರಿನ ಬಿಡಿಭಾಗಗಳೂ ಹೆಚ್ಚುತ್ತವೆ.

3. ವೂಫರಿನ ಕೇಂದ್ರದಲ್ಲೇ ಟ್ವೀಟರ್ ಇರುವ ಏಕಾಕ್ಷ ಘಟಕವನ್ನು ಬಳಸುವುದು. ಬ್ರಿಟನ್ನಿನ ಟ್ಯಾನಾಯ್ ಸಂಸ್ಥೆ 1947ರಿಂದಲೂ, ಕೆ.ಇ.ಎಫ್. ಸಂಸ್ಥೆ 1988ರಿಂದಲೂ ಇಂತಹ ಘಟಕಗಳಿಗೆ ಹೆಸರಾಗಿವೆ. ಇಂತಹ ಒಂದೇ ಘಟಕವಿರುವ ಪೆಟ್ಟಿಗೆಯನ್ನು ನಿಲ್ಲಿಸಿದರೂ ಮಲಗಿಸಿದರೂ ಭೇದವಿಲ್ಲ. ಆದರೆ ಒಳ್ಳೆಯ ಏಕಾಕ್ಷ ಘಟಕಗಳು ಬಿಡಿಯಾಗಿ ಸಿಗುವುದು ಕಡಿಮೆ, ಬೆಲೆಯೂ ಹೆಚ್ಚು.

4. ಸೆಂಟರ್ ಎಂಬ ಪ್ರತ್ಯೇಕ ಮಾದರಿಯನ್ನೇ ಕೈಬಿಟ್ಟು, ಬುಕ್‌ಶೆಲ್ಫ್ ಸ್ಪೀಕರನ್ನೇ ಒಂಟಿಯಾಗಿಯೂ ಮಾರುವುದು.

ನಾಲ್ಕನೆಯ ದಾರಿಯನ್ನು ಸಣ್ಣ ತಯಾರಕರು ವಿಶೇಷವಾಗಿ ಪರಿಶೀಲಿಸಬೇಕು. 18 ಮಿ.ಮೀ. ದಪ್ಪದ ಎಂ.ಡಿ.ಎಫ್. ಹಲಗೆಯಲ್ಲಿ 30 ಸೆಂ.ಮೀ. ಎತ್ತರ, 18 ಸೆಂ.ಮೀ. ಅಗಲ, 24 ಸೆಂ.ಮೀ. ಆಳದ ಬುಕ್‌ಶೆಲ್ಫ್ ಪೆಟ್ಟಿಗೆ ಮಾಡಿದರೆ ಒಳಗಾತ್ರ ಸುಮಾರು 7.8 ಲೀಟರ್. ಹೊರಮೈ ಲೆಕ್ಕದಲ್ಲಿ ಬೇಕಾಗುವ ಹಲಗೆ ಸುಮಾರು 0.34 ಚದರ ಮೀಟರ್. ಅದೇ ಅಗಲ ಮತ್ತು ಆಳದ ಹಲಗೆಗಳಿಂದ 48 ಸೆಂ.ಮೀ. ಉದ್ದದ ಸೆಂಟರ್ ಮಾಡಿದರೆ ಒಳಗಾತ್ರ ಸುಮಾರು 13 ಲೀಟರ್, ಹಲಗೆ ಸುಮಾರು 0.49 ಚದರ ಮೀಟರ್. ಅಂದರೆ ಹಲಗೆಯೊಂದೇ ಶೇ. 45ರಷ್ಟು ಹೆಚ್ಚು. ಅದರ ಮೇಲೆ ಇನ್ನೊಂದು ವೂಫರ್, ಬೇರೆ ಕ್ರಾಸ್‌ಓವರ್, ಬೇರೆ ಜಾಲರಿ, ಬೇರೆ ರಟ್ಟಿನ ಪೆಟ್ಟಿಗೆ, ಬೇರೆ ಥರ್ಮೊಕೋಲ್ ಅಚ್ಚು.

ದಾಸ್ತಾನಿನ ಲೆಕ್ಕ ಇದಕ್ಕಿಂತ ಮುಖ್ಯವಾದುದು. ಬುಕ್‌ಶೆಲ್ಫ್ ಸ್ಪೀಕರನ್ನು ಎಡಬಲಗಳಿಗೆ, ನಡುವಿಗೆ, ಹಿಂಬದಿಗೆ, ಬರಿಯ ಸಂಗೀತ ಕೇಳುವವರ ಸ್ಟೀರಿಯೊ ಜೋಡಿಗೆ, ಸಣ್ಣ ಕಚೇರಿಯ ಸಭಾಕೊಠಡಿಗೆ ಹೀಗೆ ಎಲ್ಲೆಡೆ ಮಾರಬಹುದು. ಸೆಂಟರ್ ಸ್ಪೀಕರಿಗೆ ಇರುವುದು ಒಂದೇ ಜಾಗ, ಅದೂ ತನ್ನ ಜೊತೆಯ ಜೋಡಿ ಮಾರಾಟವಾದಾಗ ಮಾತ್ರ. ಜೋಡಿಯ ಮಾದರಿ ನಿಂತುಹೋದರೆ ಉಳಿದ ಸೆಂಟರುಗಳು ಗೋದಾಮಿನಲ್ಲೇ ಉಳಿಯುತ್ತವೆ, ಹಾಕಿದ ಹಣವೂ ಅವುಗಳೊಂದಿಗೆ ಕುಳಿತುಬಿಡುತ್ತದೆ.

ಹೀಗಿದ್ದೂ ಮೂರು ಸಮಾನ ಸ್ಪೀಕರುಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಬುಕ್‌ಶೆಲ್ಫ್ ಸ್ಪೀಕರುಗಳನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಒಂದು ಪೆಟ್ಟಿಗೆಯಲ್ಲಿ ಕಟ್ಟುತ್ತಾರೆ. ಮೂರು ಬೇಕಾದವನು ನಾಲ್ಕು ಕೊಳ್ಳಬೇಕಾಗುತ್ತದೆ, ಇಲ್ಲವೇ ಹೊಂದದ ಸೆಂಟರಿಗೆ ಒಪ್ಪಬೇಕಾಗುತ್ತದೆ. ದೊಡ್ಡ ಸಂಸ್ಥೆಗಳ ಕಟ್ಟುವ ಕ್ರಮ ಒಮ್ಮೆಗೇ ಬದಲಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಿಂದ ಘಟಕಗಳನ್ನು ತಂದು ತಮ್ಮದೇ ಪೆಟ್ಟಿಗೆಯಲ್ಲಿ ಜೋಡಿಸುವ ಸಣ್ಣ ತಯಾರಕನಿಗೆ ಒಂದೊಂದಾಗಿ ಕಟ್ಟಿ ಕೊಡುವುದು ಕಷ್ಟವಲ್ಲ. ದೊಡ್ಡವರು ಬಿಟ್ಟಿರುವ ಈ ತೆರವು ಸಣ್ಣವರಿಗೆ ದೊರೆಯಬಹುದಾದ ವ್ಯಾಪಾರ.

ಒಂಟಿಯಾಗಿ ಮಾರುವವರು ಕೆಲವು ಅಂಶಗಳನ್ನು ಪಾಲಿಸಬೇಕು. ಟ್ವೀಟರನ್ನು ಪೆಟ್ಟಿಗೆಯ ನಡುಗೆರೆಯ ಮೇಲೆಯೇ ಕೂರಿಸಬೇಕು. ಒಂದು ಪಕ್ಕಕ್ಕೆ ಸರಿಸಿದರೆ ಎಡ ಬಲ ಎಂಬ ಭೇದ ಉಂಟಾಗಿ ನಡುವಿಗೆ ಯಾವುದೂ ಸರಿಹೊಂದುವುದಿಲ್ಲ. ವೂಫರ್ ಮತ್ತು ಟ್ವೀಟರುಗಳ ಮಾದರಿಯನ್ನು ಒಂದು ತಂಡದಿಂದ ಇನ್ನೊಂದಕ್ಕೆ ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಮಾದರಿ ಸಂಖ್ಯೆಯನ್ನೂ ಬದಲಾಯಿಸಬೇಕು. ಪ್ರತಿ ಪೆಟ್ಟಿಗೆಯ ಹಿಂಬದಿಯಲ್ಲಿ ತಂಡದ ಸಂಖ್ಯೆಯನ್ನು ನಮೂದಿಸಿದರೆ ವರ್ಷದ ನಂತರ ಮೂರನೆಯದನ್ನು ಕೇಳಿಕೊಂಡು ಬರುವ ಗ್ರಾಹಕನಿಗೆ ಸರಿಯಾದುದನ್ನು ಕೊಡಬಹುದು.

ಹಿಂದೆ ಸೆಂಟರ್ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಎರಡನೆಯ ಮ್ಯಾಗ್ನೆಟ್ ಮತ್ತು ಉಕ್ಕಿನ ಮುಚ್ಚಳ ಹಾಕಬೇಕಾಗುತ್ತಿತ್ತು. ಇಲ್ಲದಿದ್ದರೆ ಪಿಕ್ಚರ್ ಟ್ಯೂಬಿನ ಬಣ್ಣಗಳು ಕೆಡುತ್ತಿದ್ದವು. ಎಲ್.ಇ.ಡಿ. ಟಿ.ವಿ.ಗಳಿಗೆ ಆ ತೊಂದರೆ ಇಲ್ಲವಾದ್ದರಿಂದ ಆ ಖರ್ಚನ್ನು ಈಗ ಬಿಡಬಹುದು. ಯಾವುದೇ ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರನ್ನು ಟಿ.ವಿ.ಯ ಪಕ್ಕ ಅಥವಾ ಕೆಳಗೆ ನಿರ್ಭಯವಾಗಿ ಇಡಬಹುದಾಗಿರುವುದೂ ಇದರಿಂದಲೇ.

ವಿದ್ಯುತ್ ಹೊಂದಾಣಿಕೆ

8 ಓಮ್‌ನ ಎರಡು ವೂಫರುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ 4 ಓಮ್‌ಗೆ ಇಳಿಯುತ್ತದೆ. ಹೆಚ್ಚಿನ ಕರೆಂಟ್ ಹರಿದು ಧ್ವನಿ ಜೋರಾಗುತ್ತದೆ, ಆದರೆ ಕಡಿಮೆ ಬೆಲೆಯ ಅನೇಕ ರಿಸೀವರುಗಳು 6 ಓಮ್‌ಗಿಂತ ಕಡಿಮೆಯ ಸ್ಪೀಕರಿಗಾಗಿ ರೂಪಿಸಿದವಲ್ಲ. ದೀರ್ಘಕಾಲ ಜೋರಾಗಿ ಬಳಸಿದಾಗ ಅವು ಬಿಸಿಯಾಗಿ ತಾವಾಗಿಯೇ ನಿಂತುಬಿಡಬಹುದು. ಸೆಂಟರ್ ಮಾರುವ ಮುನ್ನ ರಿಸೀವರಿನ ಹಿಂಬದಿಯಲ್ಲಿ ನಮೂದಿಸಿರುವ ಓಮ್ ಪ್ರಮಾಣವನ್ನು ನೋಡುವುದು ವರ್ತಕರಿಗೆ ಅಭ್ಯಾಸವಾಗಬೇಕು. ಒಂದು ವೂಫರಿನ 8 ಓಮ್ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ ಈ ಚಿಂತೆ ಕಡಿಮೆ.

ಸೆಂಟರಿಗೆ ದೊಡ್ಡ ವೂಫರ್ ಇದ್ದರೆ ಮಾತು ಸ್ಪಷ್ಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಸಬ್‌ವೂಫರ್ ಇರುವ ಸೆಟ್ಟಿನಲ್ಲಿ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ರಿಸೀವರ್ ಅದಕ್ಕೇ ಕಳುಹಿಸಬಲ್ಲದು. ಪುರುಷರ ಮಾತಿನ ಮೂಲಧ್ವನಿಯೂ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುವುದರಿಂದ ನಡುವಿನ ಸ್ಪೀಕರಿಗೆ 5 ಇಂಚಿನ ವೂಫರ್ ಸಾಕು.

ತೆರಿಗೆ ವರ್ಗೀಕರಣ ಮತ್ತು ಪೆಟ್ಟಿಗೆಯ ಮೇಲಿನ ವಿವರ

ಬುಕ್‌ಶೆಲ್ಫ್ ಆಗಲಿ ಸೆಂಟರ್ ಆಗಲಿ, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಘಟಕಗಳಿದ್ದರೆ ಎಚ್.ಎಸ್. ವರ್ಗೀಕರಣದಲ್ಲಿ 8518 22ರ ಅಡಿಯಲ್ಲಿ ಬರುತ್ತದೆ. ಒಂದೇ ಘಟಕದ ಪೆಟ್ಟಿಗೆಗೆ 8518 21, ಪೆಟ್ಟಿಗೆಯಿಲ್ಲದ ಬಿಡಿ ವೂಫರ್ ಮತ್ತು ಟ್ವೀಟರುಗಳಿಗೆ 8518 29. ಆಂಪ್ಲಿಫೈಯರ್ ಸಮೇತ ಸೆಟ್ಟಾಗಿ ಮಾರಿದಾಗ ವರ್ಗೀಕರಣ ಬೇರೆಯಾಗಬಹುದಾದ್ದರಿಂದ ಬಿಲ್ಲು ಮಾಡುವ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಕ್ಷೇಮ.

ಜೋಡಿಯನ್ನು ಒಡೆದು ಒಂಟಿಯಾಗಿ ಮಾರುವ ಅಂಗಡಿಯವರು ಇನ್ನೊಂದು ಅಂಶವನ್ನು ನೆನಪಿಡಬೇಕು. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಕಟ್ಟಿದ ಸರಕುಗಳ) ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳಿರಬೇಕು. ಎರಡು ಎಂದು ನಮೂದಾದ ಪೊಟ್ಟಣವನ್ನು ಒಡೆದು ಒಂದನ್ನು ಮಾರುವುದಕ್ಕಿಂತ, ಒಂದೊಂದಕ್ಕೂ ಪ್ರತ್ಯೇಕ ವಿವರವಿರುವಂತೆ ಕಟ್ಟಿ ಕಳುಹಿಸಲು ತಯಾರಕರನ್ನೇ ಕೇಳುವುದು ಮೇಲು.

ವರ್ತಕರು ಗ್ರಾಹಕರನ್ನು ಕೇಳಬೇಕಾದುದು

ಸೆಟ್ ತೋರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲನೆಯದು, ಎಷ್ಟು ಜನ, ಎಲ್ಲೆಲ್ಲಿ ಕುಳಿತು ನೋಡುತ್ತಾರೆ? ಇಬ್ಬರು ಸೋಫಾದ ನಡುವೆ ಕುಳಿತು ನೋಡುವುದಾದರೆ ಒಳ್ಳೆಯ ಬುಕ್‌ಶೆಲ್ಫ್ ಜೋಡಿಯೇ ಸಾಕು. ಸೆಂಟರಿನ ಹಣವನ್ನು ಅದರ ಗುಣಮಟ್ಟಕ್ಕೆ ಸೇರಿಸಲು ಹೇಳಬಹುದು. ಮೂರು ಜನರ ಸೋಫಾ ಮಾತ್ರ ಇದ್ದರೆ ಸಾಮಾನ್ಯ ಸೆಂಟರ್ ಸಹ ನಡೆಯುತ್ತದೆ. ಪಕ್ಕದಲ್ಲಿ ದಿವಾನ, ಒಂಟಿ ಕುರ್ಚಿಗಳಿದ್ದು ಮನೆಮಂದಿಯೆಲ್ಲ ಹರಡಿ ಕೂರುವುದಾದರೆ ನೆಟ್ಟಗಿನ ಸ್ಪೀಕರ್, ಅದು ಹಿಡಿಸದಿದ್ದರೆ ಮಿಡ್‌ರೇಂಜ್ ಉಳ್ಳ ಅಥವಾ ಎರಡೂವರೆ ವೇ ಸೆಂಟರ್ ಸೂಕ್ತ.

ಎರಡನೆಯದು, ಟಿ.ವಿ. ಗೋಡೆಯ ಮೇಲಿದೆಯೋ ಮೇಜಿನ ಮೇಲಿದೆಯೋ? 45 ಸೆಂ.ಮೀ. ಎತ್ತರದ ಟಿ.ವಿ. ಮೇಜಿನ ಮೇಲೆ 30 ಸೆಂ.ಮೀ. ಎತ್ತರದ ಸ್ಪೀಕರ್ ನಿಲ್ಲಿಸಿದರೆ ಒಟ್ಟು 75 ಸೆಂ.ಮೀ. ಆಗುತ್ತದೆ. 55 ಇಂಚಿನ ಟಿ.ವಿ.ಯ ಎತ್ತರ ಸುಮಾರು 68 ಸೆಂ.ಮೀ. ಅದನ್ನು ಅದರ ಮೇಲೆ ಗೋಡೆಗೆ ಕೂರಿಸಿದರೆ ಪರದೆಯ ನಡುಭಾಗ ಸುಮಾರು 110 ಸೆಂ.ಮೀ.ಗೆ ಬರುತ್ತದೆ. ಇದು ನೋಡಲು ಅಡ್ಡಿಯಾಗುವ ಎತ್ತರವಲ್ಲ. ಟಿ.ವಿ. ಮೇಜಿನ ಮೇಲೆಯೇ ಕಾಲೂರಿ ನಿಂತಿದ್ದರೆ ಮಾತ್ರ ಕುಳ್ಳನೆಯ ಸೆಂಟರನ್ನು ಕೆಳಗಿನ ಅಂಕಣದಲ್ಲಿ ಇಡಬೇಕಾಗುತ್ತದೆ.

ಹಾಗೆ ಇಡುವಾಗ ಪೆಟ್ಟಿಗೆಯ ಮುಂಭಾಗವು ಅಂಕಣದ ಅಂಚಿಗೆ ಸಮನಾಗಿರಬೇಕು. ಒಳಗೆ ತಳ್ಳಿದರೆ ಮಾತು ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ. ಸ್ಪೀಕರ್ 40 ಸೆಂ.ಮೀ. ಎತ್ತರದಲ್ಲಿದ್ದು ಕುಳಿತವರ ಕಿವಿ 95 ಸೆಂ.ಮೀ. ಎತ್ತರದಲ್ಲಿದ್ದರೆ 3 ಮೀಟರ್ ದೂರಕ್ಕೆ ಮುಂಭಾಗವನ್ನು ಸುಮಾರು 10 ಡಿಗ್ರಿ ಮೇಲಕ್ಕೆ ಓರೆ ಮಾಡಬೇಕು. ಮುಂದಿನ ಅಂಚಿನ ಕೆಳಗೆ ರಬ್ಬರಿನ ತುಂಡೊಂದನ್ನು ಇಟ್ಟರೆ ಇದು ಸಾಧ್ಯ.

ಮೂರನೆಯದು, ಎಡಬಲದ ಸ್ಪೀಕರುಗಳು ಯಾವುವು? ಹಳೆಯ ಜೋಡಿಯನ್ನು ಉಳಿಸಿಕೊಂಡು ಸೆಂಟರ್ ಮಾತ್ರ ಕೊಳ್ಳುವವರಿಗೆ ಅದೇ ತಯಾರಕರ, ಅದೇ ಟ್ವೀಟರ್ ಇರುವ ಮಾದರಿಯನ್ನೇ ತೋರಿಸಬೇಕು. ಜೋರಿನ ವ್ಯತ್ಯಾಸವನ್ನು ರಿಸೀವರಿನಲ್ಲಿ ಸರಿಪಡಿಸಬಹುದು. ಧ್ವನಿಯ ಬಣ್ಣವನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದು.

ಅಂಗಡಿಯಲ್ಲೇ ಪರೀಕ್ಷೆ

ಸ್ಪೀಕರಿನ ಧ್ವನಿ ಎಲ್ಲ ದಿಕ್ಕಿಗೂ ಹೇಗೆ ಹರಡುತ್ತದೆಂದು ಅಳೆಯುವ ಸಿ.ಇ.ಎ.-2034 ಎಂಬ ಕ್ರಮವನ್ನು ಅಮೆರಿಕದಲ್ಲಿ 2013ರಲ್ಲಿ ಪ್ರಕಟಿಸಲಾಯಿತು. ಪ್ರಯೋಗಾಲಯವಿಲ್ಲದವರೂ ಅದರ ಸಾರವನ್ನು ಅಂಗಡಿಯಲ್ಲಿ ಕಂಡುಕೊಳ್ಳಬಹುದು. ಹೆಚ್ಚಿನ ರಿಸೀವರುಗಳಲ್ಲಿ ಪರೀಕ್ಷೆಗೆಂದೇ ಇರುವ ಭೋರ್ಗರೆಯುವ ಸದ್ದನ್ನು ನಡುವಿನ ಸ್ಪೀಕರಿನಲ್ಲಿ ಮಾತ್ರ ಹಾಕಿ, 3 ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ನಡೆಯಬೇಕು. ಸದ್ದಿನ ಬಣ್ಣ ಬದಲಾಗದಿದ್ದರೆ ಸ್ಪೀಕರ್ ಉತ್ತಮ. ನಡೆಯುತ್ತಿದ್ದಂತೆ ಸದ್ದು ಟೊಳ್ಳಾಗಿ, ಮತ್ತೆ ತುಂಬಿ ಬರುವಂತಿದ್ದರೆ ಮೇಲೆ ಹೇಳಿದ ದೋಷವಿದೆಯೆಂದು ತಿಳಿಯಬೇಕು. ಅನಂತರ ಕನ್ನಡ ವಾರ್ತೆಯನ್ನು ಹಾಕಿ, ಗ್ರಾಹಕನನ್ನು ಅವನ ಮನೆಯ ದಿವಾನ ಇರುವಷ್ಟು ಪಕ್ಕದಲ್ಲಿ ಕೂರಿಸಿ ಕೇಳಿಸಿದರೆ ಆತನೇ ತೀರ್ಮಾನಿಸುತ್ತಾನೆ. ಅಂಗಡಿಯ ನಡುಕುರ್ಚಿಯಲ್ಲಿ ಕೂರಿಸಿ ಮಾರಿದ ಸೆಂಟರ್ ಮನೆಯ ಪಕ್ಕದ ಕುರ್ಚಿಯಲ್ಲಿ ಹೇಗೆ ಕೇಳುತ್ತದೆಂಬುದು ಇಲ್ಲೇ ಗೊತ್ತಾಗುತ್ತದೆ.

ಪರದೆಯ ಕೆಳಗೆ ಒಂದೇ ಉದ್ದನೆಯ ಕೋಲಿನಂತಿರುವ ಸೌಂಡ್‌ಬಾರ್‌ಗಳು ಇಂದು ಬಿಡಿ ಸ್ಪೀಕರುಗಳ ಮಾರುಕಟ್ಟೆಗೆ ತೀವ್ರ ಸ್ಪರ್ಧೆ ಒಡ್ಡುತ್ತಿವೆ. ಬೆಲೆಯಲ್ಲಾಗಲಿ ಸರಳತೆಯಲ್ಲಾಗಲಿ ಅವುಗಳನ್ನು ಸೋಲಿಸುವುದು ಸಣ್ಣ ತಯಾರಕರಿಗೆ ಕಷ್ಟಸಾಧ್ಯ. ಕೋಣೆಯ ಪ್ರತಿಯೊಂದು ಆಸನಕ್ಕೂ ಮಾತು ಸ್ಪಷ್ಟವಾಗಿ ತಲುಪುತ್ತದೆಂಬ ಭರವಸೆ ಕೊಟ್ಟು ಅದನ್ನು ಉಳಿಸಿಕೊಳ್ಳುವುದು ಅವರ ಕೈಯಲ್ಲಿದೆ. ಒಂದೇ ಬಗೆಯ ಮೂರು ನೆಟ್ಟಗಿನ ಪೆಟ್ಟಿಗೆಗಳು ಅದಕ್ಕೆ ಕಡಿಮೆ ಖರ್ಚಿನ ಸಾಧನ. ಜಾಗವಿಲ್ಲದ ಮನೆಗೆ ಸರಿಯಾಗಿ ರೂಪಿಸಿದ ಸೆಂಟರ್ ಇದೆ. ಮನೆಯ ಅಳತೆ ಕೇಳಿ, ದಾರ ಹಿಡಿದು ಲೆಕ್ಕ ಹಾಕಿ ಮಾರುವ ವರ್ತಕನ ಬಳಿಗೆ ಗ್ರಾಹಕನು ದೂರು ಹೊತ್ತು ಬರುವ ಸಂದರ್ಭ ವಿರಳ. ನೆರೆಮನೆಯವರನ್ನು ಕರೆದುಕೊಂಡು ಬರುವ ಸಂದರ್ಭವೇ ಹೆಚ್ಚು.